ಅಭಿಮಾನಿಯ ತಕ್ಕಡಿ

2025ರ ಜುಲೈ ತಿಂಗಳಲ್ಲಿ ನನ್ನ ಹಳೆಯ ಶಿಷ್ಯನೊಬ್ಬ ಕೆನಡಾ ದೇಶದ ವಿನಿಪೆಗ್ ನಗರದಿಂದ ಊರಿಗೆ ಬಂದಿದ್ದ. ಪ್ರೌಢಶಾಲೆಯಲ್ಲಿ ಅಲಂಕಾರದ ಪಾಠ ಮಾಡುವಾಗ, ನಿಂದಾಸ್ತುತಿಗೆ ಒಂದು ಉದಾಹರಣೆ ಹೇಳೆಂದರೆ ಎದ್ದು ನಿಂತು ತಲೆ ಕೆರೆದುಕೊಳ್ಳುತ್ತಿದ್ದ ಹುಡುಗ ಅವನು. ಆ ದಿನ ನಮ್ಮ ಮನೆಯ ಜಗಲಿಯ ಮೇಲೆ ಕುಳಿತು, ಲೋಟದ ಕಾಫಿ ಆರಿಹೋಗುವವರೆಗೆ ಒಬ್ಬ ಆಟಗಾರನನ್ನು ಬೈದ.

"ಮೇಷ್ಟ್ರೇ, ವರ್ಷಕ್ಕೆ ಎಂಬತ್ತೈದು ಲಕ್ಷ ಡಾಲರು ಸಂಬಳ. ಅದರ ಮೇಲೆ ಆ ಆಟದಲ್ಲೇ ದೊಡ್ಡದಾದ ಪಾರಿತೋಷಕ. ಗೆಲ್ಲಬೇಕಾದ ಹೊತ್ತಿಗೆ ಮೂರು ಸಲ ಆಟದ ನಡುವೆಯೇ ಎಬ್ಬಿಸಿ ಬೆಂಚಿನ ಮೇಲೆ ಕೂರಿಸಿದರು!"

"ಅವನು ನಿನಗೇನು ಮಾಡಿದನಪ್ಪಾ?" ಎಂದೆ.

"ನಮ್ಮವನಲ್ಲವೇ ಮೇಷ್ಟ್ರೇ!" ಎಂದ.

ನಾನು ಕೇಳಿದ್ದ ಉದಾಹರಣೆ ಇಪ್ಪತ್ತು ವರ್ಷ ತಡವಾಗಿ ದೊರೆಯಿತು. ಆದರೆ ಅವನ ಮಾತು ಅಲ್ಲಿಗೇ ಮುಗಿಯಲಿಲ್ಲ. ಸಂಬಳ, ಕರಾರು, ಪಾರಿತೋಷಕ ಎಂದು ಲೆಕ್ಕದ ಮೇಲೆ ಲೆಕ್ಕ ಹೇಳಿದ. ಕೇಳುತ್ತ ಹೋದಂತೆ ನನಗೂ ಕುತೂಹಲ ಹುಟ್ಟಿತು. ಆಮೇಲೆ ಓದಿ ತಿಳಿದುಕೊಂಡದ್ದನ್ನು ತಮ್ಮ ಮುಂದಿಡುತ್ತಿದ್ದೇನೆ.

ಹಾಕಿ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಕೊಡಗಿನ ಮೈದಾನ, ಚೆಂಡು, ಬಾಗಿದ ಕೋಲು. ಇದು ಆ ಹಾಕಿಯಲ್ಲ. ಕೆನಡಾದಲ್ಲಿ ಹಾಕಿಯೆಂದರೆ ಮಂಜುಗಡ್ಡೆಯ ಮೇಲಿನ ಆಟ. ಕಾಲಿಗೆ ಉಕ್ಕಿನ ಅಲಗುಳ್ಳ ಸ್ಕೇಟು, ಕೈಯಲ್ಲಿ ಉದ್ದನೆಯ ಕೋಲು, ಚೆಂಡಿಗೆ ಬದಲಾಗಿ ಮೂರು ಅಂಗುಲ ಅಗಲ, ಒಂದು ಅಂಗುಲ ದಪ್ಪದ ಕರಿಯ ರಬ್ಬರು ಬಿಲ್ಲೆ. ಗೋಲಿಯೂ ಸೇರಿ ಒಂದೊಂದು ಪಕ್ಷಕ್ಕೆ ಆರು ಮಂದಿ. ಇಪ್ಪತ್ತು ನಿಮಿಷಗಳ ಮೂರು ಸರದಿ. ಈ ಆಟದ ಅತ್ಯುಚ್ಚ ವೃತ್ತಿಸಂಸ್ಥೆಯಾದ ನ್ಯಾಷನಲ್ ಹಾಕಿ ಲೀಗ್ 1917ರಲ್ಲಿ ಮಾಂಟ್ರಿಯಲ್ ನಗರದಲ್ಲಿ ಹುಟ್ಟಿತು. ಈಗ ಅದರಲ್ಲಿ ಮೂವತ್ತೆರಡು ತಂಡಗಳಿವೆ. ಏಳು ಕೆನಡಾದವು, ಉಳಿದವು ಅಮೆರಿಕ ಸಂಯುಕ್ತ ಸಂಸ್ಥಾನದವು.

ಈ ಪತ್ರಿಕೆಯ ವಾಚಕರಿಗೆ ಸಂತೋಷವಾಗುವ ಸಂಗತಿ ಒಂದುಂಟು. ಆ ದೇಶದಲ್ಲಿ ಈ ಆಟವನ್ನು ಮನೆಮನೆಗೆ ಕೊಂಡೊಯ್ದದ್ದು ರೇಡಿಯೋ. ಫಾಸ್ಟರ್ ಹ್ಯೂವಿಟ್ ಎಂಬಾತ 1923ರಲ್ಲಿ ಟೊರಾಂಟೋ ನಗರದಿಂದ ವೀಕ್ಷಕ ವಿವರಣೆ ಕೊಡಲಾರಂಭಿಸಿದ. ಮುಂದೆ ಶನಿವಾರದ ರಾತ್ರಿಯೆಂದರೆ ಕೆನಡಾದ ಹಳ್ಳಿಪಟ್ಟಣಗಳಲ್ಲೆಲ್ಲ ರೇಡಿಯೋ ಸುತ್ತ ಮನೆಮಂದಿ ಸೇರುವ ರಾತ್ರಿ ಎಂದಾಯಿತು. ಸರದಿಗಳ ನಡುವಣ ಬಿಡುವಿನಲ್ಲಿ ಕೆಲವು ಬಲ್ಲವರು ಕುಳಿತು, ಅವನು ಹಾಗೆ ಆಡಬಾರದಿತ್ತು, ಇವನು ಹೀಗೆ ಆಡಬೇಕಿತ್ತು ಎಂದು ಹರಟುವ ಕಾರ್ಯಕ್ರಮವೂ ಇತ್ತು. ಚಳಿಗಾಲದಲ್ಲಿ ಅಂಗಡಿಯ ಒಲೆಯ ಸುತ್ತ ನಡೆಯುವ ಹರಟೆಯ ನೆನಪಿನಿಂದ ಅದಕ್ಕೆ 'ಬಿಸಿ ಒಲೆಯ ಕೂಟ' ಎಂಬರ್ಥದ ಹೆಸರಿಟ್ಟಿದ್ದರು. ನಮ್ಮಲ್ಲಿ ಗಮಕ ಕೇಳಿ ಮನೆಗೆ ಹೋಗುವವರು ದಾರಿಯುದ್ದಕ್ಕೂ ಗಮಕಿಯ ರಾಗದ ಗುಣದೋಷ ಎಣಿಸುವುದಿಲ್ಲವೆ? ಅದೇ ಜಾತಿಯದು.

ಆದರೆ ಆ ಕಾಲದ ಹರಟೆಗೂ ಈಗಿನದಕ್ಕೂ ಒಂದು ಭೇದವಿದೆ. ಆಗ ಆಟಗಾರನ ಸಂಬಳವೆಷ್ಟೆಂದು ಕೇಳುವವನಿಗೆ ತಿಳಿಯದು. ಪಕ್ಕದಲ್ಲಿ ಕುಳಿತು ಸ್ಕೇಟು ಬಿಗಿಯುವ ಜೊತೆಯ ಆಟಗಾರನಿಗೂ ತಿಳಿಯದು. ತಿಳಿಯದಿದ್ದುದರಿಂದ ಲಾಭವಾದದ್ದು ಯಜಮಾನರಿಗೆ. ಗಾರ್ಡಿ ಹೋ ಎಂಬ ಮಹಾ ಆಟಗಾರ 1946ರಲ್ಲಿ ಡೆಟ್ರಾಯ್ಟ್ ತಂಡಕ್ಕೆ ಸೇರುವಾಗ, ಸಂಬಳದ ಜೊತೆಗೆ ತಂಡದ ಹೆಸರಿರುವ ಒಂದು ಜಾಕೆಟ್ಟನ್ನು ಕೊಟ್ಟರೆ ಸಾಕೆಂದನಂತೆ. ಇಪ್ಪತ್ತು ವರ್ಷಕ್ಕೂ ಮೀರಿ ಆಡಿದ ಮೇಲೆ, ಹೊಸದಾಗಿ ಬಂದ, ತನ್ನಷ್ಟು ಹೆಸರಿಲ್ಲದ ಒಬ್ಬನಿಂದ ಅವನಿಗೆ ತಿಳಿಯಿತು: ಆ ಹೊಸಬನ ಸಂಬಳ ತನ್ನದಕ್ಕಿಂತ ಹೆಚ್ಚು!

ಅದೇ ತಂಡದ ಟೆಡ್ ಲಿಂಡ್ಸೆಯ ಕಥೆ ಇನ್ನೂ ಕಹಿಯಾದದ್ದು. 1957ರಲ್ಲಿ ಆತ ಆಟಗಾರರದೇ ಒಂದು ಸಂಘ ಕಟ್ಟಲು ಹೊರಟ. ಯಜಮಾನರಿಗೆ ಸಹನೆಯಾಗಲಿಲ್ಲ. ಲಿಂಡ್ಸೆಗೆ ಬರುವ ಸಂಬಳವೆಂದು ಉಬ್ಬಿಸಿದ ಅಂಕಿಯನ್ನು ಪತ್ರಿಕೆಯವರ ಕಿವಿಗೆ ಹಾಕಿದರೆಂದು ಆ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಇಷ್ಟು ಪಡೆಯುವವನಿಗೂ ಅಸಮಾಧಾನವೇ ಎಂದು ಜನ ಬೈಯಲಿ ಎಂಬುದೇ ಅದರ ಉದ್ದೇಶ. ಅದೇ ವರ್ಷ ಅವನನ್ನು ಶಿಕಾಗೋ ತಂಡಕ್ಕೆ ದಾಟಿಸಿಬಿಟ್ಟರು. ಸ್ಥಿರವಾದ ಸಂಘವೊಂದು ಏರ್ಪಟ್ಟದ್ದು ಹತ್ತು ವರ್ಷದ ಅನಂತರ, 1967ರಲ್ಲಿ. ಅಭಿಮಾನಿಯ ಬೈಗುಳವನ್ನು ಯಾರದೋ ಕೈಯ ಕೋಲು ಮಾಡಿಕೊಳ್ಳಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತ ಬೇಕಿಲ್ಲ.

ಈಗ ಎಲ್ಲರ ಸಂಬಳವೂ ಬಯಲಿಗೆ ಬಂದಿದೆ. ಅಷ್ಟು ಮಾತ್ರವಲ್ಲ. 2004-05ರಲ್ಲಿ ಯಜಮಾನರಿಗೂ ಆಟಗಾರರಿಗೂ ವ್ಯಾಜ್ಯ ಬಿದ್ದು ಒಂದಿಡೀ ವರ್ಷದ ಆಟವೇ ನಿಂತುಹೋಯಿತು. ಕೊನೆಗೆ ಆದ ಒಪ್ಪಂದದಲ್ಲಿ ಒಂದು ಹೊಸ ಕಟ್ಟಳೆ ಬಂದಿತು. ಪ್ರತಿಯೊಂದು ತಂಡವೂ ತನ್ನ ಆಟಗಾರರೆಲ್ಲರಿಗೂ ಸೇರಿ ಇಷ್ಟಕ್ಕಿಂತ ಹೆಚ್ಚು ಸಂಬಳ ಕೊಡಕೂಡದು ಎಂಬ ಮೇಲ್ಮಿತಿ. 2005-06ರಲ್ಲಿ ಆ ಮಿತಿ 3 ಕೋಟಿ 90 ಲಕ್ಷ ಡಾಲರು. 2025-26ಕ್ಕೆ ಅದು 9 ಕೋಟಿ 55 ಲಕ್ಷಕ್ಕೆ ಏರಿತು.

ಮನೆಯ ಲೆಕ್ಕ ನೋಡುವ ಗೃಹಿಣಿಯರಿಗೆ ಇದರ ಮರ್ಮವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ತಿಂಗಳಿಗೆ ಬರುವ ಹಣ ಇಷ್ಟೇ ಎಂದಾದ ಮೇಲೆ, ಒಂದು ರೇಷ್ಮೆ ಸೀರೆ ಕೊಂಡರೆ ಬೇಳೆಯ ಡಬ್ಬಿಯಲ್ಲಿ ಅಷ್ಟು ಕಡಿಮೆಯಾಗುತ್ತದೆ. ಹಾಗೆಯೇ ಒಬ್ಬ ಗೋಲಿಗೆ ಹೆಚ್ಚು ಕೊಟ್ಟರೆ ಒಬ್ಬ ಒಳ್ಳೆಯ ಬ್ಯಾಕನ್ನು ಬಿಟ್ಟುಕೊಡಬೇಕು. ಆದ್ದರಿಂದ ಆಟಗಾರನ ಸಂಬಳ ಅವನೊಬ್ಬನ ವಿಚಾರವಾಗಿ ಉಳಿಯಲಿಲ್ಲ. ಅಭಿಮಾನಿಗೆ ಅದು ತನ್ನ ತಂಡದ ಬೇಳೆಯ ಡಬ್ಬಿ. ಅವನು ಲೆಕ್ಕಿಗನಾದದ್ದು ಹೀಗೆ. ನನ್ನ ಶಿಷ್ಯನಿಗೆ ನಮ್ಮೂರಿನ ತೆರಿಗೆ ಎಷ್ಟೆಂದು ತಿಳಿಯದು. ವಿನಿಪೆಗ್ ತಂಡದ ನಾಲ್ಕನೆಯ ಸಾಲಿನ ಫಾರ್ವರ್ಡಿನ ಸಂಬಳ ಬಾಯಿಪಾಠ.

ಈ ಲೆಕ್ಕದಲ್ಲಿ ಅವನು ತಪ್ಪುವುದೆಲ್ಲಿ ಎಂದರೆ, ಮೊತ್ತವನ್ನು ನೋಡಿ ಪಾಲನ್ನು ಮರೆಯುವುದರಲ್ಲಿ. ಎಡ್ಮಂಟನ್ ತಂಡದ ಲಿಯಾನ್ ಡ್ರೈಸೈಟ್ಲ್ ಎಂಬ ಜರ್ಮನ್ ಯುವಕನಿಗೆ 2017ರಲ್ಲಿ ಎಂಟು ವರ್ಷದ ಕರಾರಾಯಿತು, ವರ್ಷಕ್ಕೆ 85 ಲಕ್ಷ. ಆಗಿನ ಮೇಲ್ಮಿತಿ 7 ಕೋಟಿ 50 ಲಕ್ಷ. ಎಂದರೆ ನೂರಕ್ಕೆ ಹನ್ನೊಂದಕ್ಕಿಂತ ತುಸು ಹೆಚ್ಚು ಪಾಲು. ಇದು ಅತಿಯಾಯಿತೆಂದು ಹುಬ್ಬೇರಿಸಿದವರು ಅನೇಕರು. ನನ್ನ ಶಿಷ್ಯ ಬೈಯುತ್ತಿದ್ದ ಗೋಲಿ ಕಾನರ್ ಹೆಲ್ಲೆಬಕ್‌ನ ಕರಾರು 2024-25ರಿಂದ ಏಳು ವರ್ಷದ್ದು. ಅವನಿಗೂ ವರ್ಷಕ್ಕೆ ಸರಾಸರಿ ಅದೇ 85 ಲಕ್ಷ. ಆದರೆ ಆ ವರ್ಷದ ಮೇಲ್ಮಿತಿ 8 ಕೋಟಿ 80 ಲಕ್ಷವಾಗಿದ್ದುದರಿಂದ ಪಾಲು ನೂರಕ್ಕೆ ಹತ್ತನ್ನೂ ಮುಟ್ಟಲಿಲ್ಲ. ಅಂಕಿ ಒಂದೇ, ಭಾರ ಬೇರೆ. ಡ್ರೈಸೈಟ್ಲ್ 2020ರಲ್ಲಿ ಲೀಗಿನ ಅತಿ ಮೌಲ್ಯವಂತ ಆಟಗಾರನೆನಿಸಿಕೊಂಡಾಗ ಹಿಂದೆ ಹುಬ್ಬೇರಿಸಿದವರೇ ಅಗ್ಗಕ್ಕೆ ಸಿಕ್ಕಿದ ಎಂದು ಹೇಳತೊಡಗಿದರು. 2025-26ರಿಂದ ಅವನ ಸಂಬಳ ವರ್ಷಕ್ಕೆ 1 ಕೋಟಿ 40 ಲಕ್ಷ.

ಕರಾರೆಂಬುದೇ ವಿಚಿತ್ರ ವಸ್ತು. ಕಳೆದ ವರ್ಷಗಳ ಆಟವನ್ನು ನೋಡಿ ಮುಂದಿನ ವರ್ಷಗಳಿಗೆ ಹಣ ಗೊತ್ತುಮಾಡುತ್ತಾರೆ. ಮೈ ಮಾತ್ರ ಯಾವ ಕರಾರಿಗೂ ರುಜು ಹಾಕುವುದಿಲ್ಲ. ನ್ಯೂಯಾರ್ಕ್ ಐಲೆಂಡರ್ಸ್ ತಂಡದವರು ರಿಕ್ ಡಿಪಿಯೆಟ್ರೋ ಎಂಬ ಗೋಲಿಗೆ 2006ರಲ್ಲಿ ಹದಿನೈದು ವರ್ಷದ ಕರಾರು ಬರೆದುಕೊಟ್ಟರು, ಒಟ್ಟು 6 ಕೋಟಿ 75 ಲಕ್ಷ ಡಾಲರು. ಆ ಮೇಲೆ ಪೆಟ್ಟಿನ ಮೇಲೆ ಪೆಟ್ಟು ಬಿದ್ದು ಅವನು ಆಡಲಾರದಾದ. 2013ರಲ್ಲಿ ಅವನನ್ನು ಬಿಡುಗಡೆ ಮಾಡಿದಾಗ ಆದ ಏರ್ಪಾಡಿನಂತೆ 2029ರವರೆಗೂ ಅವನಿಗೆ ವರ್ಷಕ್ಕೆ 15 ಲಕ್ಷ ಸಲ್ಲಬೇಕು. ಅವನ ಹೆಸರು ಹಾಕಿಪ್ರಿಯರ ಬಾಯಲ್ಲಿ ನಗೆಯ ಮಾತಾಗಿಬಿಟ್ಟಿದೆ. ಇದು ನನಗೆ ನ್ಯಾಯವೆಂದು ತೋರುವುದಿಲ್ಲ. ಕಾಗದ ಮುಂದಿಟ್ಟವರು ಯಜಮಾನರು. ಮೊಣಕಾಲು ಮುರಿದುಕೊಳ್ಳಬೇಕೆಂದು ಯಾವನೂ ಮಂಜುಗಡ್ಡೆಯ ಮೇಲೆ ಇಳಿಯುವುದಿಲ್ಲ. ಕರಾರು ಕೆಟ್ಟದೆಂದು ಹೇಳಲು ಅಭಿಮಾನಿಗೆ ಪೂರ್ಣ ಅಧಿಕಾರವುಂಟು, ಆದರೆ ಆ ಮಾತು ತಂಡದ ಕಚೇರಿಯ ಬಾಗಿಲಿಗೆ ಹೋಗಬೇಕು.

ಇನ್ನು ಪಾರಿತೋಷಕಗಳು. ಪರೀಕ್ಷಕನಾಗಿ ಉತ್ತರಪತ್ರಿಕೆಗಳ ಕಟ್ಟು ಹೊತ್ತವನಾದ್ದರಿಂದ ಈ ವಿಚಾರದಲ್ಲಿ ನನಗೆ ಸ್ವಲ್ಪ ಸಲಿಗೆ. ಕೆಲವು ಪಾರಿತೋಷಕಗಳು ಗಣಿತದ ಉತ್ತರದಂತೆ. ಅತ್ಯಧಿಕ ಗೋಲು ಹೊಡೆದವನಿಗೆ ಮಾರಿಸ್ ರಿಷಾರ್ ಪಾರಿತೋಷಕ. ಗೋಲು ಹೊಡೆದದ್ದು, ಹೊಡೆಯಲು ನೆರವಾದದ್ದು ಎರಡನ್ನೂ ಕೂಡಿ ಮೊದಲಿಗನಾದವನಿಗೆ ಆರ್ಟ್ ರಾಸ್ ಪಾರಿತೋಷಕ. ಇಲ್ಲಿ ವಾದಕ್ಕೆ ಎಡೆಯಿಲ್ಲ. ಉಳಿದವು ಪ್ರಬಂಧದ ಉತ್ತರದಂತೆ, ತಿದ್ದುವವನ ಮನೋಧರ್ಮವನ್ನು ಅವಲಂಬಿಸಿದವು. 1924ರಿಂದ ಕೊಡುತ್ತ ಬಂದಿರುವ ಹಾರ್ಟ್ ಪಾರಿತೋಷಕವನ್ನು ನಿರ್ಣಯಿಸುವವರು ಹಾಕಿ ಪತ್ರಕರ್ತರು. ಒಬ್ಬೊಬ್ಬರೂ ಐದು ಹೆಸರು ಬರೆಯಬೇಕು; ಮೊದಲನೆಯ ಹೆಸರಿಗೆ ಹತ್ತು ಅಂಕ, ಆ ಮೇಲೆ ಏಳು, ಐದು, ಮೂರು, ಒಂದು. ಗೋಲಿಗಳ ವೆಜಿನಾ ಪಾರಿತೋಷಕವನ್ನು ತಂಡಗಳ ಮ್ಯಾನೇಜರುಗಳು ನಿರ್ಣಯಿಸುತ್ತಾರೆ. ಆಟಗಾರರೇ ತಮ್ಮಲ್ಲಿ ಉತ್ತಮನನ್ನು ಆರಿಸುವ ಪಾರಿತೋಷಕವೊಂದಿದೆ. ಅದಕ್ಕೆ 2010ರಲ್ಲಿ ಟೆಡ್ ಲಿಂಡ್ಸೆಯ ಹೆಸರಿಟ್ಟರು. ಹೌದು, ಅದೇ ಲಿಂಡ್ಸೆ!

2025ರಲ್ಲಿ ಏನಾಯಿತು ನೋಡಿ. ಪತ್ರಕರ್ತರು ಹಾರ್ಟ್ ಪಾರಿತೋಷಕಕ್ಕೆ ಹೆಲ್ಲೆಬಕ್‌ನನ್ನು ಆರಿಸಿದರು. ಆಟಗಾರರು ಲಿಂಡ್ಸೆ ಪಾರಿತೋಷಕವನ್ನು ಟ್ಯಾಂಪಾ ತಂಡದ ನಿಕಿಟಾ ಕುಚೆರಾವ್‌ಗೆ ಕೊಟ್ಟರು. ಐವತ್ತೆರಡು ಗೋಲು ಹೊಡೆದು ಮೊದಲಿಗನಾದವನು ಡ್ರೈಸೈಟ್ಲ್. ಮೂರು ತಕ್ಕಡಿ, ಮೂವರು ಉತ್ತಮರು. ಅಭಿಮಾನಿಗಳು ತಿಂಗಳುಗಟ್ಟಲೆ ಕಾದಾಡಿದರು. ಜೊತೆಗೆ ಇನ್ನೊಂದು ತೊಡಕು. ಹಾರ್ಟ್ ಪಾರಿತೋಷಕದ ಮತ ಬೀಳುವುದು ವರ್ಷದ ಸಾಮಾನ್ಯ ಪಂದ್ಯಗಳು ಮುಗಿದೊಡನೆ, ನಿರ್ಣಾಯಕ ಪಂದ್ಯಗಳು ತೊಡಗುವ ಮುನ್ನ. ಫಲಿತಾಂಶ ಹೊರಬೀಳುವುದು ಜೂನ್ ತಿಂಗಳಲ್ಲಿ. ಆ ವರ್ಷ ಹೆಲ್ಲೆಬಕ್ ನಲವತ್ತೇಳು ಪಂದ್ಯ ಗೆದ್ದಿದ್ದ. ಅವನತ್ತ ಬಂದ ಹೊಡೆತಗಳಲ್ಲಿ ನೂರಕ್ಕೆ ತೊಂಬತ್ತೆರಡೂವರೆಯನ್ನು ತಡೆದಿದ್ದ. ತಂಡ ಲೀಗಿನಲ್ಲೇ ಮೊದಲ ಸ್ಥಾನಕ್ಕೆ ಬಂದಿತ್ತು. ಮತ ಬಿದ್ದದ್ದು ಅದಕ್ಕೆ. ಆ ಮೇಲೆ ಸೇಂಟ್ ಲೂಯಿಸ್ ತಂಡದ ಊರಿನಲ್ಲಿ ನಡೆದ ಮೂರು ಪಂದ್ಯಗಳಲ್ಲೂ ಅವನು ಗೋಲುಗಳನ್ನು ಬಿಟ್ಟುಕೊಟ್ಟು ಆಟದ ನಡುವೆ ಹೊರಬರಬೇಕಾಯಿತು. ಅರ್ಧವಾರ್ಷಿಕದ ಬಹುಮಾನವನ್ನು ವಾರ್ಷಿಕ ಪರೀಕ್ಷೆಯ ಮಾರನೆಯ ದಿನ ಹಂಚಿದಂತೆ! ದೋಷ ಹುಡುಗನದೋ, ಸಮಾರಂಭದ ದಿನ ಗೊತ್ತುಮಾಡಿದವರದೋ?

ಅಭಿಮಾನ ಕುರುಡಾದರೆ ಎಲ್ಲಿಗೆ ಮುಟ್ಟುತ್ತದೆಂಬುದನ್ನು ಮಾಂಟ್ರಿಯಲ್ ನಗರ ಕಂಡಿದೆ. ಮೇಲೆ ಹೇಳಿದ ಮಾರಿಸ್ ರಿಷಾರ್ ಆ ನಗರದ ಫ್ರೆಂಚ್ ಜನರ ಕಣ್ಮಣಿ. 1944-45ರಲ್ಲಿ ಐವತ್ತು ಪಂದ್ಯಗಳಲ್ಲಿ ಐವತ್ತು ಗೋಲು ಹೊಡೆದವನು. ಆದರೂ ಆ ವರ್ಷದ ಹಾರ್ಟ್ ಪಾರಿತೋಷಕ ಹೋದದ್ದು ಅವನ ತಂಡದವನೇ ಆದ ಎಲ್ಮರ್ ಲಾಕ್‌ಗೆ. 1955ರ ಮಾರ್ಚಿಯಲ್ಲಿ ಬಾಸ್ಟನ್‌ನಲ್ಲಿ ಜಗಳವಾಗಿ ರಿಷಾರ್ ಒಬ್ಬ ಪಂಚನ ಮೇಲೆ ಕೈಮಾಡಿದ. ಲೀಗಿನ ಅಧ್ಯಕ್ಷ ಕ್ಲಾರೆನ್ಸ್ ಕ್ಯಾಂಬೆಲ್ ಆ ವರ್ಷದ ಉಳಿದೆಲ್ಲ ಪಂದ್ಯಗಳಿಂದಲೂ ಅವನನ್ನು ಹೊರಗಿಟ್ಟ. 17ನೆಯ ತಾರೀಖಿನ ರಾತ್ರಿ ಅಧ್ಯಕ್ಷ ಪಂದ್ಯ ನೋಡಲು ಬಂದು ಕುಳಿತಾಗ ಜನ ಕೈಗೆ ಸಿಕ್ಕಿದ್ದನ್ನು ಅವನ ಮೇಲೆ ಎಸೆದರು. ಒಳಗೆ ಅಶ್ರುವಾಯು ಸಿಡಿಯಿತು, ಪಂದ್ಯ ನಿಂತಿತು, ಹೊರಗೆ ಬೀದಿಯುದ್ದಕ್ಕೂ ಅಂಗಡಿಗಳ ಗಾಜು ಪುಡಿಯಾಯಿತು. ಮರುದಿನ ರಿಷಾರ್ ಸ್ವತಃ ರೇಡಿಯೋದಲ್ಲಿ ಫ್ರೆಂಚಿನಲ್ಲೂ ಇಂಗ್ಲಿಷಿನಲ್ಲೂ ಮಾತನಾಡಿ, ಶಾಂತರಾಗಿರಿ, ತಂಡಕ್ಕೆ ಬೆಂಬಲ ಕೊಡಿ ಎಂದು ಕೇಳಿಕೊಂಡ. ಊರು ತಣ್ಣಗಾಯಿತು.

ಕಥೆ ಅಲ್ಲಿಗೂ ಮುಗಿಯಲಿಲ್ಲ. ರಿಷಾರ್ ಆ ವರ್ಷ ಎಪ್ಪತ್ತನಾಲ್ಕು ಪಾಯಿಂಟು ಗಳಿಸಿ ಎಲ್ಲರಿಗಿಂತ ಮುಂದಿದ್ದ. ಅವನು ಹೊರಗುಳಿದಿರುವಾಗ ಅದೇ ತಂಡದ ಬರ್ನಾರ್ಡ್ ಜೆಫ್ರಿಯಾನ್ ಎಪ್ಪತ್ತೈದು ಗಳಿಸಿ ಆರ್ಟ್ ರಾಸ್ ಪಾರಿತೋಷಕ ಪಡೆದ. ತಮ್ಮ ತಂಡದವನು ತಮ್ಮ ತಂಡಕ್ಕಾಗಿ ಆಡಿದ್ದಕ್ಕೆ ಮಾಂಟ್ರಿಯಲ್ ಜನ ಅವನನ್ನು ಕೂಗಿ ಹೀಯಾಳಿಸಿದರು. ಬಿಲ್ಲೆ ಮುಂದೆ ಬಂದಾಗ ಅವನು ಹೊಡೆಯದೆ ಬಿಡಬೇಕಿತ್ತೇ? ರಿಷಾರ್ ತನ್ನ ಜೀವಮಾನದಲ್ಲಿ ಆ ಪಾರಿತೋಷಕವನ್ನು ಒಮ್ಮೆಯೂ ಪಡೆಯಲಿಲ್ಲವೆಂಬ ವ್ಯಥೆ ನನಗೂ ಇದೆ. ಅದರ ಋಣವನ್ನು ಜೆಫ್ರಿಯಾನ್ ತೀರಿಸಬೇಕಾಗಿರಲಿಲ್ಲ.

ಹಾಗೆಂದು ಅಭಿಮಾನಿ ಬಾಯಿಮುಚ್ಚಿಕೊಂಡು ಚಪ್ಪಾಳೆ ತಟ್ಟುತ್ತಿರಲಿ ಎಂದು ನಾನು ಹೇಳುವುದಿಲ್ಲ. ಕಾವ್ಯಕ್ಕೆ ಸಹೃದಯ ಹೇಗೋ ಆಟಕ್ಕೆ ಅವನು ಹಾಗೆ. ದೋಷ ಕಾಣಲಾರದವನಿಗೆ ಗುಣವೂ ಕಾಣದು. ಗೋಲಿ ಎಡಗಡೆಯ ಹೊಡೆತಕ್ಕೆ ತಡವಾಗಿ ಮಂಡಿಯೂರಿದ ಎಂದು ಹೇಳುವವನು ಆಟವನ್ನು ನೋಡಿದ್ದಾನೆ. ಎಂಬತ್ತೈದು ಲಕ್ಷ ತಿಂದೂ ಬಿಟ್ಟ ಎಂದು ಹೇಳುವವನು ನೋಡಿರುವುದು ಖಾತೆಯ ಪುಸ್ತಕವನ್ನು ಮಾತ್ರ.

ಇಷ್ಟನ್ನೂ ಆ ದಿನ ಶಿಷ್ಯನಿಗೆ ಹೇಳಲು ನನಗೆ ತಿಳಿದಿರಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ: "ಕೊನೆಗೆ ಆ ಸೇಂಟ್ ಲೂಯಿಸಿನವರ ಕೈಯಲ್ಲಿ ಸೋತಿರೋ?"

"ಇಲ್ಲ ಮೇಷ್ಟ್ರೇ, ಏಳನೆಯ ಪಂದ್ಯ ನಮ್ಮೂರಿನಲ್ಲಾಯಿತು. ಕೆಲವೇ ಸೆಕೆಂಡು ಉಳಿದಿರುವಾಗ ಸಮ ಮಾಡಿದರು. ಎರಡು ಹೆಚ್ಚಿನ ಸರದಿ ಆಡಿ ನಾಲ್ಕು ಮೂರರಿಂದ ಗೆದ್ದೆವು."

"ಆ ಹೆಚ್ಚಿನ ಸರದಿಗಳಲ್ಲಿ ಗೋಲಿನ ಮುಂದೆ ನಿಂತವರು ಯಾರಪ್ಪಾ?"

ಅವನು ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸಿದ. "ಅವನೇ" ಎಂದ.