ಮೈಯೊಳಗೆ ಮಲಗಿದ ಸರ್ಪ

ಪರೀಕ್ಷೆಯ ಉತ್ತರಪತ್ರಿಕೆಗಳ ರಾಶಿಯನ್ನು ತಿದ್ದಿ ಮುಗಿಸಿ, ಮೈಸೋತು ಮನೆಗೆ ಮರಳಿದ ವಾರವದು. ಜ್ವರವೂ ಸಣ್ಣಗೆ ಕಾಯುತ್ತಿತ್ತು. ಬಲಪಕ್ಕೆಯಲ್ಲಿ ಕೆಂಡ ಸೋಕಿದಂಥ ಉರಿ; ಎರಡು ದಿನ ಕಳೆಯುವಷ್ಟರಲ್ಲಿ ಬೆನ್ನಿನಿಂದ ಎದೆಯತ್ತ ನೀರ್ಗುಳ್ಳೆಗಳ ಸಾಲು ಎದ್ದಿತು. ನೋಡಿದ ಸೋದರತ್ತೆ, “ಸರ್ಪಸುತ್ತು ಕಣಪ್ಪ! ಕೆಮ್ಮಣ್ಣು ಹಚ್ಚಿಸು. ತಲೆಗೆ ಬಾಲ ಕೂಡಿತೆಂದರೆ ಜೀವಕ್ಕೇ ಮುಳುವು” ಎಂದು ಕಳವಳಗೊಂಡರು. ಅವರ ಮಾತನ್ನು ಮೀರಲಾರದೆ ಕೆಮ್ಮಣ್ಣು ಹಚ್ಚಿಸಿಕೊಂಡೆ.

ಸರ್ಪವೇನೋ ನಿಜ, ಆದರೆ ಅದು ಹೊರಗಿನಿಂದ ಬಂದುದಲ್ಲ. ಬಾಲ್ಯದ ಸೀತಾಳೆ ಸಿಡುಬು ಮಾಯುತ್ತದೆ; ಅದರ ವೈರಾಣು ಮಾತ್ರ ದೇಹವನ್ನು ತೊರೆಯುವುದಿಲ್ಲ. ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ಅಡಗಿ ದಶಕಗಳ ಕಾಲ ನಿದ್ರಿಸುತ್ತದೆ. ಇಂಗ್ಲೆಂಡಿನ ಸೈರೆನ್ಸೆಸ್ಟರ್ ಎಂಬ ಪುಟ್ಟ ಊರಿನ ವೈದ್ಯ ಹೋಪ್-ಸಿಂಪ್ಸನ್, ತಾವು 16 ವರ್ಷಗಳಲ್ಲಿ ಕಂಡ 192 ಪ್ರಕರಣಗಳನ್ನು ಪರಿಶೀಲಿಸಿ, ಸರ್ಪಸುತ್ತು ಹೊಸ ಸೋಂಕಲ್ಲ, ಹಳೆಯದರ ಮರುಎಚ್ಚರವೆಂದು 1965ರಲ್ಲಿ ಪ್ರತಿಪಾದಿಸಿದರು.

ಹಾಗಾದರೆ ಅದನ್ನು ಎಚ್ಚರಿಸುವವರು ಯಾರು? ರಕ್ತದ ಟಿ-ಕೋಶಗಳು ಕಾವಲಿರುವವರೆಗೆ ಅದು ತಲೆಯೆತ್ತದು. ಮುಪ್ಪು, ಕಾಯಿಲೆ, ಕೆಲವು ಔಷಧಿಗಳು ಆ ಕಾವಲನ್ನು ಸಡಿಲಿಸುತ್ತವೆ. ದೇಹ ಅತಿಯಾಗಿ ದಣಿದಾಗ ಹೆಚ್ಚುವ ಕಾರ್ಟಿಸಾಲ್ ಎಂಬ ರಸವೂ ಅದನ್ನು ಕುಗ್ಗಿಸಬಲ್ಲುದು. ಬಾಹ್ಯಾಕಾಶಕ್ಕೆ ಹೋಗಿಬಂದ ಆರೋಗ್ಯವಂತ ಗಗನಯಾತ್ರಿಗಳ ಜೊಲ್ಲಿನಲ್ಲಿ, ರೋಗದ ಯಾವ ಲಕ್ಷಣವೂ ಇಲ್ಲದಿರುವಾಗಲೇ, ಇದೇ ವೈರಾಣು ಕಾಣಿಸಿಕೊಂಡುದುಂಟು. ನನ್ನ ದಣಿವೇ ಕಾರಣವೆಂದು ನಾನು ಆಣೆಯಿಟ್ಟು ಹೇಳಲಾರೆ. ಆದರೆ ಸಂದೇಹವಂತೂ ಬಲವಾಗಿದೆ.

ಇನ್ನು ತಲೆ-ಬಾಲಗಳ ಮಾತು. ಗುಳ್ಳೆಗಳು ಒಂದು ಪಕ್ಕದ ನರ ಹರಡಿದ ದಾರಿಯಲ್ಲೇ ಏಳುತ್ತವೆ; ಮೈಯ ನಡುಗೆರೆಯನ್ನು ಸಾಮಾನ್ಯವಾಗಿ ದಾಟುವುದಿಲ್ಲ. ಆದುದರಿಂದ ಸುತ್ತು ಪೂರ್ಣವಾಗುವುದು ಬಲು ಅಪರೂಪ. ನಿಜವಾದ ಅಪಾಯ ಬೇರೆ: ಹುಣ್ಣು ಮಾದ ಮೇಲೂ ಉಳಿಯುವ ನರಬೇನೆ, ಕಣ್ಣಿನ ಬಳಿ ಎದ್ದರೆ ದೃಷ್ಟಿಗೇ ಕುತ್ತು. ಗುಳ್ಳೆ ಕಂಡ 72 ಗಂಟೆಗಳೊಳಗೆ ವೈರಾಣುನಾಶಕ ಔಷಧಿ ತೊಡಗಿದರೆ ಗುಣ ಹೆಚ್ಚು. ಐವತ್ತು ದಾಟಿದವರಿಗೆ ಈಗ ಲಸಿಕೆಯೂ ಉಂಟು.

ನಾನು ವೈದ್ಯರ ಬಾಗಿಲಿಗೆ ಹೋದುದು ಐದನೆಯ ದಿನ. ಏಳು ತಿಂಗಳು ಕಳೆದಿವೆ. ಅಂಗಿ ತಾಗಿದರೆ ಇಂದಿಗೂ ಪಕ್ಕೆ ಚುರುಗುಟ್ಟುತ್ತದೆ. ಅತ್ತೆಯ ವಾತ್ಸಲ್ಯವನ್ನು ದೂರಲಾರೆ. ಅವರು ಸರ್ಪವನ್ನು ಸರಿಯಾಗಿಯೇ ಗುರುತಿಸಿದರು; ಗಡಿಯಾರವನ್ನು ನೋಡಬೇಕಾದವನು ನಾನಾಗಿದ್ದೆ.