ಒಂದೇ ಗುಳಿಗೆ, ಎರಡು ಚೀಟಿ

ಮಗು ಬೇಕೆಂದು ಡಾಕ್ಟರ ಬಳಿ ಹೋದವಳು ಮುಂಬೈಯ ಬಾಂದ್ರಾ ಸ್ಟೇಶನ್ ಪಕ್ಕದ ಮೆಡಿಕಲ್ ಅಂಗಡಿಯಲ್ಲಿ ಲೆಟ್ರೊಜೋಲ್ 2.5 ಮಿಲಿಗ್ರಾಂ ಕೊಂಡು, ಲೋಕಲ್ ರೈಲಿನಲ್ಲಿ ಕೂತು ಫೋನಿನಲ್ಲಿ ಹೆಸರು ಹುಡುಕಿದರೆ ಮೊದಲು ಕಾಣುವುದು ‘ಸ್ತನ ಕ್ಯಾನ್ಸರ್’. ಎದೆ ಧಸಕ್ಕೆನ್ನದೆ ಇರುತ್ತದೆಯೆ?

ಗುಳಿಗೆ ಹುಟ್ಟಿದ್ದು ಕ್ಯಾನ್ಸರಿಗೇ. ಸ್ವಿಟ್ಜರ್ಲೆಂಡಿನ ಸೀಬಾ-ಗೈಗಿ ಕಂಪನಿಯಲ್ಲಿ ಇದನ್ನು ರೂಪಿಸಿದವರಲ್ಲಿ ಅಜಯ್ ಭಟ್ನಾಗರ್ ಒಬ್ಬರು. ಇದಕ್ಕೂ ಮೊದಲಿನ ಫ್ಯಾಡ್ರೊಜೋಲ್, ಸ್ತನ ಕ್ಯಾನ್ಸರಿಗೆ ಇಂಬು ಕೊಡುವ ಈಸ್ಟ್ರೊಜನ್ ಹಾರ್ಮೋನನ್ನು ತಡೆಯುವಾಗ ಅಡ್ರಿನಲ್ ಗ್ರಂಥಿಯ ಹಾರ್ಮೋನಿಗೂ ಕೈ ಹಾಕುತ್ತಿತ್ತು. ಲೆಟ್ರೊಜೋಲ್ ಹಾಗಲ್ಲ, ಈಸ್ಟ್ರೊಜನ್ ತಯಾರಿಸುವ ಅರೊಮಟೇಸ್ ಕಿಣ್ವವನ್ನಷ್ಟೇ ಹಿಡಿದು ಕಟ್ಟುತ್ತದೆ. 1997ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಾಗ ಕಂಪನಿಯ ಹೆಸರು ನೊವಾರ್ಟಿಸ್ ಆಗಿತ್ತು. ಡಬ್ಬಿಯ ಚೀಟಿ ಹೇಳಿದ್ದು: ಮುಟ್ಟು ನಿಂತವರಿಗೆ ಮಾತ್ರ.

ಟೊರಾಂಟೊದ ಡಾಕ್ಟರುಗಳಾದ ಮೊಹಮದ್ ಮಿತ್ವಲಿ ಮತ್ತು ರಾಬರ್ಟ್ ಕ್ಯಾಸ್ಪರ್ ನೋಡಿದ್ದು ಬೇರೆ ಕಡೆಯಿಂದ. ಮಕ್ಕಳಾಗದವರಿಗೆ ಆಗ ಕೊಡುತ್ತಿದ್ದದ್ದು ಕ್ಲೋಮಿಫೀನ್. ಅದು ಮೆದುಳಿಗೆ ಕಣ್ಕಟ್ಟು ಮಾಡುತ್ತದೆ: ಈಸ್ಟ್ರೊಜನ್ ಇದ್ದರೂ ಇಲ್ಲವೆಂದು ತಿಳಿದು ಮೆದುಳು ಅಂಡಾಶಯಕ್ಕೆ ಹುಕುಂ ಕಳಿಸುತ್ತದೆ. ಆದರೆ ಮದ್ದು ಬಹಳ ದಿನ ಮೈಯಲ್ಲೇ ಉಳಿದು ಗರ್ಭಕೋಶದ ಒಳಪದರವನ್ನೂ ತೆಳುವಾಗಿಸುತ್ತದೆ. ಕಣ್ಕಟ್ಟೇಕೆ, ಈಸ್ಟ್ರೊಜನ್ನನ್ನೇ ಐದು ದಿನ ತಗ್ಗಿಸಿದರೆ? ಮುಟ್ಟಿನ ಮೂರನೇ ದಿನದಿಂದ ಏಳನೇ ದಿನದವರೆಗೆ ಲೆಟ್ರೊಜೋಲ್ ಕೊಟ್ಟರು. ಅಂಡ ಬಿಡುಗಡೆಯಾಗದ 12 ಮಂದಿಯಲ್ಲಿ 9 ಮಂದಿಗೆ ಆಯಿತು; ಮೂವರು ಬಸುರಾದರು. 2001ರಲ್ಲಿ ಪ್ರಕಟವಾದ ಈ ಲೆಕ್ಕ ಚಿಕ್ಕದು, ಉಪಾಯ ಮಾತ್ರ ಸೊಗಸು.

2005ರಲ್ಲಿ ಮಾಂಟ್ರಿಯಲ್ ಸಮ್ಮೇಳನದಲ್ಲಿ, ಲೆಟ್ರೊಜೋಲ್‌ನಿಂದ ಹುಟ್ಟಿದ 150 ಮಕ್ಕಳಲ್ಲಿ ಅಂಗದೋಷ ಹೆಚ್ಚೆಂಬ ವರದಿ ಬಂತು. ನೊವಾರ್ಟಿಸ್ ಕೂಡಲೇ ಡಾಕ್ಟರುಗಳಿಗೆ ಎಚ್ಚರಿಕೆಯ ಪತ್ರ ಬರೆಯಿತು. ಆದರೆ ಆ ವರದಿ ಹೋಲಿಸಿದ್ದು ಅಪಾಯವೇ ಕಡಿಮೆಯಿದ್ದ ತಾಯಂದಿರ ಮಕ್ಕಳೊಂದಿಗೆ; ಮರುವರ್ಷ 911 ಮಕ್ಕಳನ್ನು ನೋಡಿದಾಗ ಕ್ಲೋಮಿಫೀನ್‌ಗಿಂತ ಹೆಚ್ಚು ದೋಷ ಕಾಣಲಿಲ್ಲ.

ಇಲ್ಲಿ ಕತೆ ತಿರುಗುಮುರುಗು. 2007ರಲ್ಲಿ ಭಾರತದ ಔಷಧ ನಿಯಂತ್ರಕರು ಮಕ್ಕಳಾಗದವರಿಗೂ ಇದನ್ನು ಒಪ್ಪಿದರು. ಬೇರೆ ಕಂಪನಿಗಳ ಜೆನೆರಿಕ್ ಗುಳಿಗೆಯ ಚೀಟಿಯಲ್ಲಿ ‘ಕೊಡಬಹುದು’ ಎಂದಾಯಿತು, ಮೂಲ ಕಂಪನಿಯದರಲ್ಲಿ ‘ಕೂಡದು’ ಎಂದೇ ಉಳಿಯಿತು. 2011ರ ಅಕ್ಟೋಬರಿನಲ್ಲಿ ಮಕ್ಕಳಾಗದವರಿಗೆ ಕೊಡುವುದಕ್ಕೆ ನಿಷೇಧ. ದೆಹಲಿಯ ಆಜ್ಞೆಯನ್ನು ಮಹಾರಾಷ್ಟ್ರದ ಅಂಗಡಿಗಳಲ್ಲಿ ಜಾರಿಗೆ ತರಬೇಕಾದದ್ದು ರಾಜ್ಯದ ಔಷಧ ನಿಯಂತ್ರಣ ಇಲಾಖೆಯಾದ ಎಫ್‌ಡಿಎ. ಅದರ ಮುಖ್ಯ ಕಚೇರಿ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿ. ಕ್ಯಾನ್ಸರಿಗೆ ಅದೇ ಗುಳಿಗೆ ಸಿಗುತ್ತಲೇ ಇತ್ತು. ಯಾವ ಸ್ಟ್ರಿಪ್ ಯಾರ ಮನೆಗೆ ಹೋಗುತ್ತದೆಂದು ಇನ್ಸ್‌ಪೆಕ್ಟರಿಗೆ ಹೇಗೆ ಗೊತ್ತಾಗಬೇಕು?

2014ರಲ್ಲಿ ಅಮೆರಿಕದಲ್ಲಿ ಪಾಲಿಸಿಸ್ಟಿಕ್ ಅಂಡಾಶಯದ ತೊಂದರೆ (ಪಿಸಿಓಎಸ್) ಇದ್ದ 750 ಹೆಂಗಸರ ಅಧ್ಯಯನ ಬಂತು: ಲೆಟ್ರೊಜೋಲ್ ಪಡೆದವರಲ್ಲಿ 27.5% ಮಂದಿಗೆ ಮಗು, ಕ್ಲೋಮಿಫೀನ್‌ನಲ್ಲಿ 19.1%. 2017ರಲ್ಲಿ ಭಾರತ ನಿಷೇಧ ತೆಗೆಯಿತು.

ಅಮೆರಿಕದ ಚೀಟಿ ಮಾತ್ರ ಕ್ಯಾನ್ಸರ್ ಬಿಟ್ಟು ಕದಲಿಲ್ಲ. ಅಲ್ಲಿ ಜೆನೆರಿಕ್ ಚೀಟಿ ಮೂಲದ ನಕಲಾಗಿರಬೇಕೆಂಬುದು ಕಾನೂನು. ಪೇಟೆಂಟ್ ಮುಗಿದ ಗುಳಿಗೆಗೆ ಹೊಸ ಉಪಯೋಗ ಬರೆಸಲು ದುಡ್ಡು ಸುರಿಯುವವರು ಯಾರು? ಡಾಕ್ಟರುಗಳು ಬರೆದುಕೊಡುತ್ತಲೇ ಇದ್ದಾರೆ. ಡಬ್ಬಿ ಬಿಡಿಸಿದವಳು ಓದುವುದು ಕ್ಯಾನ್ಸರ್ ಎಂದೇ.