ಪರದೇಶದಲ್ಲಿ ನಿಮ್ಮ ಮಗುವಿನ ದಿನ ಹೇಗೆ ಕಳೆಯುತ್ತದೆ?

ಸಹೋದರಿಯರೇ, ನಮ್ಮ ಶಿವಮೊಗ್ಗದ ಗೋಪಾಳದಂತಹ ಬಡಾವಣೆಗಳಲ್ಲಿ ಈಗ ಮಗನೋ ಮಗಳೋ ಡಾಕ್ಟರಾಗಬೇಕೆಂಬ ಮಾತು ಬಂದೊಡನೆ ವಿದೇಶದ ಮಾತೂ ಬರುತ್ತದೆ. ಏಜೆಂಟರು ಫೀಸಿನ ಲೆಕ್ಕ ಹೇಳುತ್ತಾರೆ, ಕಾಲೇಜಿನ ಫೋಟೊ ತೋರಿಸುತ್ತಾರೆ. ಆದರೆ ಅಲ್ಲಿ ಮಗುವಿನ ಒಂದು ದಿನ ಹೇಗೆ ಕಳೆಯುತ್ತದೆಂದು ಹೇಳುವವರು ಕಡಿಮೆ. ಒಡವೆ ಅಡವಿಟ್ಟು, ಸೈಟು ಮಾರಿ ಕಳುಹಿಸುವ ಮುನ್ನ ಅದನ್ನೇ ಮೊದಲು ಕೇಳಬೇಕಲ್ಲವೇ?

2022ರ ಫೆಬ್ರವರಿಯಲ್ಲಿ ಯುದ್ಧ ಆರಂಭವಾಗುವವರೆಗೂ ಕರ್ನಾಟಕದ ಅನೇಕ ಮಕ್ಕಳು ಓದುತ್ತಿದ್ದ ಉಕ್ರೇನಿನ ಖಾರ್ಕಿವ್ ನಗರವನ್ನೇ ತೆಗೆದುಕೊಳ್ಳೋಣ. ಡಿಸೆಂಬರಿನಲ್ಲಿ ಅಲ್ಲಿ ಬೆಳಿಗ್ಗೆ 7 ಗಂಟೆಗೂ ಕತ್ತಲೆ. ಆಗ ನಮ್ಮಲ್ಲಿ ಹತ್ತೂವರೆ. ಹೊರಗೆ ಹಿಮ. ಹಾಸ್ಟೆಲಿನಲ್ಲಿ ಹಲವರಿಗೆ ಸೇರಿ ಒಂದೇ ಅಡುಗೆಮನೆ. ರಾತ್ರಿ ಉಳಿದ ಅನ್ನ-ಸಾರನ್ನು ಬಿಸಿ ಮಾಡಿಕೊಂಡು ತರಗತಿಗೆ ಓಡಬೇಕು. ಅಲ್ಲಿ ಪಾಠ ನಡೆಯುವುದು ಸಣ್ಣ ಸಣ್ಣ ಗುಂಪುಗಳಲ್ಲಿ. ಹಿಂದಿನ ಬೆಂಚಿನಲ್ಲಿ ಅಡಗಿ ಕುಳಿತುಕೊಳ್ಳಲು ಸಾಧ್ಯವಿಲ್ಲ. ತಪ್ಪಿಸಿದ ಪ್ರಾಕ್ಟಿಕಲ್ ತರಗತಿಯನ್ನು ಬೇರೆ ದಿನ ಪೂರೈಸಲೇಬೇಕು. ಪಾಠ ಇಂಗ್ಲಿಷಿನಲ್ಲಿದ್ದರೂ ಆಸ್ಪತ್ರೆಯ ರೋಗಿಗೆ ಇಂಗ್ಲಿಷ್ ಬಾರದು. ಆದ್ದರಿಂದ ಅಲ್ಲಿನ ಭಾಷೆಯನ್ನೂ ಕಲಿಯಬೇಕು.

ನಮಾಝಿನ ವೇಳೆಯನ್ನು ನೋಡಿ. ಡಿಸೆಂಬರಿನಲ್ಲಿ ಅಲ್ಲಿ ಹಗಲು ಕೇವಲ 8 ಗಂಟೆ. ಝುಹರ್ ವೇಳೆ ಆರಂಭವಾಗಿ ನಾಲ್ಕು ಗಂಟೆಯೊಳಗೆ ಸೂರ್ಯ ಮುಳುಗಿ ಮಗ್ರಿಬ್ ಆಗಿಬಿಡುತ್ತದೆ. ಝುಹರ್, ಅಸರ್ ಎರಡೂ ತರಗತಿಗಳ ನಡುವೆಯೇ ಬರುತ್ತವೆ. ಜೂನ್‌ನಲ್ಲಾದರೆ ಹಗಲೇ 16 ಗಂಟೆ ದಾಟುತ್ತದೆ. ಮನೆಯಲ್ಲಿದ್ದಾಗ ಆಝಾನ್ ಎಚ್ಚರಿಸುತ್ತಿತ್ತು, ತಾಯಿ ಕೂಗುತ್ತಿದ್ದಳು. ಅಲ್ಲಿ ಮಗು ತನ್ನನ್ನು ತಾನೇ ಎಚ್ಚರಿಸಿಕೊಳ್ಳಬೇಕು.

ಸಂಜೆ ಸಾಮಾನು ತರುವುದು, ಬಟ್ಟೆ ಒಗೆಯುವುದು, ಅಡುಗೆ, ಆಮೇಲೆ ಓದು. ಆ ಓದು ಅಲ್ಲಿನ ಪರೀಕ್ಷೆಗೆ ಮಾತ್ರ ಸಾಲದು. ಭಾರತಕ್ಕೆ ಮರಳಿದ ಮೇಲೆ ಎಫ್‌ಎಂಜಿಇ ಪರೀಕ್ಷೆಯ 300 ಪ್ರಶ್ನೆಗಳಲ್ಲಿ ಕನಿಷ್ಠ 150 ಅಂಕ ಗಳಿಸದೆ ವೈದ್ಯರಾಗಿ ನೋಂದಣಿ ಸಿಗದು. 2021ರ ನಿಯಮದಂತೆ ಕೋರ್ಸ್ ಕನಿಷ್ಠ 54 ತಿಂಗಳದ್ದಿರಬೇಕು, ಬೋಧನೆ ಇಂಗ್ಲಿಷಿನಲ್ಲಿರಬೇಕು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಆಗಿರಬೇಕು. ಹೊರಡುವ ಮೊದಲು ನೀಟ್ ಅರ್ಹತೆಯೂ ಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಪದವಿ ಬರೀ ಕಾಗದವಾದೀತು. ಹಣ ಕಟ್ಟುವ ಮೊದಲೇ ಇವನ್ನೆಲ್ಲ ವಿಚಾರಿಸಿಕೊಳ್ಳಿ.

ನಮ್ಮ ನೆರೆಯ ಹಾವೇರಿ ಜಿಲ್ಲೆಯ ಚಳಗೇರಿಯ ನವೀನ್ ಗ್ಯಾನಗೌಡರ್ ಅವರನ್ನು ಮರೆಯಲಾದೀತೇ? ಪಿಯುಸಿಯಲ್ಲಿ ಶೇ. 97 ಅಂಕ ಬಂದರೂ ಇಲ್ಲಿ ಸೀಟು ಸಿಗಲಿಲ್ಲವೆಂದು ಅವರ ತಂದೆ ನೊಂದು ಹೇಳಿದ್ದರು. ಖಾರ್ಕಿವ್‌ನಲ್ಲಿ ನಾಲ್ಕನೆಯ ವರ್ಷದಲ್ಲಿದ್ದ ಆ ಯುವಕ 2022ರ ಮಾರ್ಚ್ 1ರಂದು ಆಹಾರ ತರಲು ಹೊರಗೆ ಹೋಗಿದ್ದಾಗ ದಾಳಿಗೆ ಬಲಿಯಾದರು. ದಿನಚರಿಯ ತೀರಾ ಸಾಮಾನ್ಯವಾದ ಕೆಲಸವದು. ಹೆತ್ತವರು ಮಗನ ದೇಹವನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು. ತಮ್ಮ ಮಗ ಆಗಲಾರದ ಡಾಕ್ಟರು ಇತರರ ಮಕ್ಕಳಾದರೂ ಆಗಲಿ ಎಂಬಂತಿತ್ತು ಆ ದಾನ.

ಇದನ್ನು ಹೆದರಿಸಲು ಬರೆಯುತ್ತಿಲ್ಲ. ವಿದ್ಯೆಗಾಗಿ ದೂರ ಹೋಗುವುದು ನಮ್ಮ ಪರಂಪರೆಯೇ. ಆದರೆ ಕಳುಹಿಸುವ ಮುನ್ನ ಒಂದು ವರ್ಷ ಮಗ-ಮಗಳಿಬ್ಬರಿಗೂ ಅನ್ನ-ಸಾರು ಮಾಡಲು, ಬಟ್ಟೆ ಒಗೆಯಲು, ಖರ್ಚಿನ ಲೆಕ್ಕ ಬರೆದಿಡಲು ಕಲಿಸಿ. ಇದು ಹೆಣ್ಣುಮಕ್ಕಳಿಗೆ ಮಾತ್ರ ಬೇಕಾದ ಪಾಠವಲ್ಲ. ಮಗು ಹೋದ ಮೇಲೆ ನೀವು ನಿದ್ದೆಗೆಟ್ಟು ಕಾಯಬೇಡಿ. ಅಲ್ಲಿನ ಚಳಿಗಾಲದ ಸಂಜೆ ಐದು ಗಂಟೆ ಎಂದರೆ ನಮ್ಮಲ್ಲಿ ರಾತ್ರಿ ಎಂಟೂವರೆ, ಇಬ್ಬರಿಗೂ ಅನುಕೂಲವಾದ ಹೊತ್ತು. "ಊಟ ಆಯ್ತಾ?" ಎಂದಷ್ಟೇ ಕೇಳಿ ಫೋನ್ ಇಡಬೇಡಿ. "ಇವತ್ತು ಏನು ಕಲಿತೆ? ಯಾರ ಜೊತೆ ಊಟ ಮಾಡಿದೆ? ಜ್ವರ ಬಂದರೆ ಪಕ್ಕದಲ್ಲಿ ಯಾರಿದ್ದಾರೆ?" ಎಂದೂ ಕೇಳಿ. "ನನ್ನಿಂದ ಆಗ್ತಿಲ್ಲ ಅಮ್ಮಿ" ಎಂದು ಮಗು ಹೇಳಿದರೆ ಸಾಲದ ಲೆಕ್ಕ ಹೇಳಿ ಬಾಯಿ ಮುಚ್ಚಿಸಬೇಡಿ. ಮೊದಲು ಪೂರ್ತಿ ಕೇಳಿಸಿಕೊಳ್ಳಿ.